ಕಾಗೋಡು ಕಲಿಸಿದ ಧೈರ್ಯ, ಕಲಿಸದ ಕೆಲಸ

ಶಾಂತವೇರಿ ಗೋಪಾಲಗೌಡರ ಬಗ್ಗೆ ಬರೆಯಲು ಕೂತವರು ಮೊದಲು ಹಿಡಿಯುವುದು ಅವರ ಬಡತನವನ್ನು. ಮೂರು ಸಲ ಶಾಸಕರಾದರೂ ಆಸ್ತಿ ಮಾಡಲಿಲ್ಲ, ಓಟಿನ ಜೊತೆ ನೋಟನ್ನೂ ಜನರ ಹತ್ತಿರವೇ ಕೇಳಿ ಚುನಾವಣೆ ನಡೆಸಿದರು, 1972ರ ಜೂನ್ 9ರಂದು ಐವತ್ತು ತುಂಬುವ ಮೊದಲೇ ಕಾಯಿಲೆಯಿಂದ ತೀರಿಕೊಂಡರು. ಎಲ್ಲ ನಿಜವೇ. ಆದರೆ ಪ್ರತಿ ಜಯಂತಿಯಲ್ಲೂ ಇದನ್ನೇ ಹೇಳಿ ಹೇಳಿ ಕರ್ನಾಟಕದ ಸಮಾಜವಾದಿ ರಾಜಕಾರಣವನ್ನು ಒಬ್ಬ ಒಳ್ಳೆಯ ಮನುಷ್ಯನ ಗುಣಗಾನಕ್ಕೆ ಇಳಿಸಿಬಿಟ್ಟಿದ್ದೇವೆ. ಹಣ ಮುಟ್ಟದಿರುವುದು ರಾಜಕಾರಣಿಯ ಕನಿಷ್ಠ ಅರ್ಹತೆ. ಗೋಪಾಲಗೌಡರೂ ಅವರು ಒಪ್ಪಿಕೊಂಡಿದ್ದ ನಾಯಕ ರಾಮಮನೋಹರ ಲೋಹಿಯಾ ಅವರೂ ಎತ್ತಿದ ಪ್ರಶ್ನೆ ಬೇರೆ. ಬ್ರಿಟಿಷರು ಹೋದ ಮೇಲೆ ಸ್ವತಂತ್ರ ಪ್ರಜೆ ಯಾರಿಗೆ ಹೆದರದೆ ಇರಬೇಕು? ಈ ಪ್ರಶ್ನೆಗೆ ಅವರ ಪರಂಪರೆ ಕೊಟ್ಟ ಉತ್ತರದಲ್ಲಿ ಗಟ್ಟಿಯೆಷ್ಟು, ಜೊಳ್ಳೆಷ್ಟು ಎಂದು ತೂರಿ ನೋಡಬೇಕಾದರೆ ಜಯಂತಿಯ ವೇದಿಕೆ ಇಳಿದು ಸಾಗರ ತಾಲ್ಲೂಕಿನ ಕಾಗೋಡಿಗೆ ಹೋಗಬೇಕು.

1951ರ ಏಪ್ರಿಲ್‌ನಲ್ಲಿ ಕಾಗೋಡಿನಲ್ಲಿ ಶುರುವಾದ ಸತ್ಯಾಗ್ರಹದ ಹಿಂದೆ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ. ಇದ್ದದ್ದು ಭತ್ತ ಅಳೆಯುವ ಕೊಳಗ. ಗೊತ್ತಾದ ಅಳತೆಗಿಂತ ದೊಡ್ಡ ಕೊಳಗದಲ್ಲಿ ಒಡೆಯರು ಗೇಣಿ ಅಳೆದುಕೊಳ್ಳುತ್ತಿದ್ದರು. ವರ್ಷವಿಡೀ ಮೈ ಮುರಿದ ಗೇಣಿದಾರ ಕಣ್ಣೆದುರೇ ಮೋಸ ನಡೆಯುತ್ತಿದ್ದರೂ ತಲೆ ತಗ್ಗಿಸಿ ನಿಲ್ಲಬೇಕು. ಅದರ ಮೇಲೆ ಬಿಟ್ಟಿ ಚಾಕರಿ. ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಅವರಿಗೆ ಸರಿಯಾದ ಅಳತೆ ಕೇಳುವುದನ್ನು ಹೇಳಿಕೊಟ್ಟಿತು. ಕೇಳಿದ್ದಕ್ಕೆ ಗದ್ದೆಯೇ ಕೈತಪ್ಪಿತು. ಆಗ ರೈತರು ನೇಗಿಲು ಹೊತ್ತು ತಾವೇ ಉಳುತ್ತಿದ್ದ ಗದ್ದೆಗೆ ಇಳಿದರು, ಪೊಲೀಸರು ಹಿಡಿದರು, ಇನ್ನೊಂದು ತಂಡ ಇಳಿಯಿತು. ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬಂದು ಹೋರಾಟಕ್ಕೆ ಹೆಗಲು ಕೊಟ್ಟದ್ದು ಇದು ಹೊತ್ತಿಕೊಂಡ ಮೇಲೆ. ಈ ಅನುಕ್ರಮ ಮುಖ್ಯ. ಪಕ್ಷದ ಇತಿಹಾಸಗಳು ಕಾಗೋಡನ್ನು ತಮ್ಮ ಮೊದಲ ಅಧ್ಯಾಯ ಮಾಡಿಕೊಂಡ ಭರದಲ್ಲಿ ಗಣಪತಿಯಪ್ಪನವರನ್ನು ಒಂದೆರಡು ಸಾಲಿಗೆ ಮುಗಿಸಿಬಿಡುವುದುಂಟು. ಕೊಳಗ ದೊಡ್ಡದು ಎಂದು ಮೊದಲು ಬಾಯಿಬಿಟ್ಟ ಗೇಣಿದಾರನ ಹೆಸರಂತೂ ಯಾರಿಗೂ ಗೊತ್ತಿಲ್ಲ.

ಜೂನ್‌ನಲ್ಲಿ ಲೋಹಿಯಾ ಬಂದರು, ಬಂಧನಕ್ಕೊಳಗಾದರು. ಸಂವಿಧಾನ ಜಾರಿಗೆ ಬಂದು ಒಂದೂವರೆ ವರ್ಷವೂ ಆಗಿರಲಿಲ್ಲ. ನಮ್ಮದೇ ಸರ್ಕಾರ ಇರುವಾಗ ಸತ್ಯಾಗ್ರಹ ಯಾಕೆ ಎಂಬ ಮಾತು ಆಗ ಕಾಂಗ್ರೆಸ್ಸಿಗರ ಬಾಯಲ್ಲಿ ಸಹಜವಾಗಿತ್ತು. ಲೋಹಿಯಾ ಇದನ್ನು ಒಪ್ಪಲಿಲ್ಲ. ಅನ್ಯಾಯದ ಆಜ್ಞೆಯನ್ನು ಶಾಂತವಾಗಿ ಧಿಕ್ಕರಿಸುವುದು ಪ್ರಜೆಯ ದಿನನಿತ್ಯದ ಅಭ್ಯಾಸವಾಗಬೇಕು, ಗಾಂಧಿಯಿಂದ ಕಲಿತದ್ದನ್ನು 1947ರ ನಂತರ ಅಟ್ಟಕ್ಕೆ ಹಾಕಬಾರದು ಎಂಬುದು ಅವರ ನಿಲುವು. ಗುದ್ದಲಿ, ಜೈಲು, ಮತಪೆಟ್ಟಿಗೆ ಮೂರನ್ನೂ ಅವರು ಒಟ್ಟಿಗೇ ಹೇಳುತ್ತಿದ್ದರು. ಕಟ್ಟುವ ಕೆಲಸ, ಎದುರಿಸುವ ಕೆಲಸ, ಆಳುವ ಕೆಲಸ. ಕರ್ನಾಟಕದ ಅವರ ಶಿಷ್ಯರು ಎರಡನೆಯದನ್ನು ಎದೆಗೆ ಹಚ್ಚಿಕೊಂಡರು, ಮೂರನೆಯದನ್ನು ಅರೆಮನಸ್ಸಿನಿಂದ ಕಲಿತರು, ಮೊದಲನೆಯದನ್ನು ಹೆಚ್ಚುಕಡಿಮೆ ಮರೆತರು. ನನ್ನ ತಕರಾರೆಲ್ಲ ಇಷ್ಟೇ. ಆದರೆ ಇದನ್ನು ಬಿಡಿಸಿ ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ಲೋಹಿಯಾ ಅವರ ಧೈರ್ಯದಲ್ಲಿ ಅಪರೂಪದ್ದು ಎದುರಾಳಿಯನ್ನು ಬೈದದ್ದಲ್ಲ. ನೆಹರೂ ಅವರನ್ನು ಬೈಯುವುದಕ್ಕೆ ಆ ಕಾಲದಲ್ಲೂ ಬೇಕಾದಷ್ಟು ಜನ ಇದ್ದರು. 1954ರಲ್ಲಿ ತಿರುವಾಂಕೂರು–ಕೊಚ್ಚಿಯಲ್ಲಿ ಪಟ್ಟಂ ಥಾಣು ಪಿಳ್ಳೆ ಅವರ ಪ್ರಜಾ ಸಮಾಜವಾದಿ ಸರ್ಕಾರದ ಪೊಲೀಸರು ಗುಂಡು ಹಾರಿಸಿ ಜನ ಸತ್ತಾಗ, ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ ತಮ್ಮದೇ ಸರ್ಕಾರ ರಾಜೀನಾಮೆ ಕೊಡಬೇಕೆಂದರು. ಪಕ್ಷ ಒಪ್ಪಲಿಲ್ಲ, ಜಗಳ ಬೆಳೆಯಿತು, ಕೊನೆಗೆ ಲೋಹಿಯಾ ಹೊರಗೆ ಬಿದ್ದು ಬೇರೆ ಪಕ್ಷ ಕಟ್ಟಬೇಕಾಯಿತು. ಕೈಯಲ್ಲಿದ್ದ ಒಂದೇ ಒಂದು ಸರ್ಕಾರವನ್ನು ತತ್ವಕ್ಕಾಗಿ ಬಲಿ ಕೊಡಲು ಹೊರಟದ್ದು ಹುಚ್ಚುತನ ಎಂದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ವಿರೋಧಿಗಳ ಗುಂಡು ಕ್ರೌರ್ಯ, ನಮ್ಮವರ ಗುಂಡು ಅನಿವಾರ್ಯ ಎಂಬ ಲೆಕ್ಕ ಒಮ್ಮೆ ಶುರುವಾದರೆ ಎಲ್ಲಿಗೆ ಮುಟ್ಟುತ್ತದೆ ಎಂದು ಆಮೇಲಿನ ಎಲ್ಲ ಪಕ್ಷಗಳೂ ತೋರಿಸಿಕೊಟ್ಟಿವೆ. ಅದೇ ಲೋಹಿಯಾ 1967ರ ಹೊತ್ತಿಗೆ ಕಾಂಗ್ರೆಸ್ಸನ್ನು ಇಳಿಸುವುದಕ್ಕಾಗಿ ಜನಸಂಘದ ಜೊತೆಗೂ ಕೈಜೋಡಿಸಿದರು. ಎದುರಿಸಬೇಕಾದ ಅಧಿಕಾರ ಒಂದೇ, ಅದು ಕಾಂಗ್ರೆಸ್ಸು ಎಂದು ತೀರ್ಮಾನಿಸಿದಾಗ ಅವರ ದೃಷ್ಟಿ ಕಿರಿದಾಯಿತು. ಅದರ ಬೆಲೆಯನ್ನು ಶಿಷ್ಯರು ಕಂತಿನಲ್ಲಿ ಕಟ್ಟಿದರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ವಾಜಪೇಯಿ ಸಂಪುಟದಲ್ಲಿ ರಕ್ಷಣಾ ಸಚಿವರಾದದ್ದು ಅದರ ಒಂದು ಕಂತು.

ಗೋಪಾಲಗೌಡರ ವಿಷಯಕ್ಕೆ ಬಂದರೆ, ಅವರು ಸದನದೊಳಗೆ ತಂದದ್ದು ಕಾಗೋಡಿನ ಗದ್ದೆಯ ನಡವಳಿಕೆಯನ್ನೇ. 1952ರಲ್ಲಿ ಸಾಗರದ ಸೀಮೆಯಿಂದ ಗೆದ್ದು ಬಂದ ಆ ಇಪ್ಪತ್ತೊಂಬತ್ತರ ಹುಡುಗ ಮಂತ್ರಿಗಳೆದುರು ಕೈಕಟ್ಟಿ ನಿಲ್ಲಲಿಲ್ಲ. ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಬೇಕು ಎಂದು ಅವರು ಪಟ್ಟು ಹಿಡಿದದ್ದನ್ನು ಬರೀ ಭಾಷಾಭಿಮಾನವೆಂದು ಓದಬಾರದು. ತನ್ನ ಮೇಲಿನ ಆಜ್ಞೆಯನ್ನು ತಾನೇ ಓದಲಾಗದವನು ಅದನ್ನು ಪ್ರಶ್ನಿಸುವುದು ಹೇಗೆ? ಇಂಗ್ಲಿಷ್ ಅರ್ಜಿ ಬರೆಸಲು ತಾಲ್ಲೂಕು ಕಚೇರಿ ಜಗಲಿಯಲ್ಲಿ ಕಾಯುವ ರೈತನಿಗೂ ದೊಡ್ಡ ಕೊಳಗದೆದುರು ನಿಂತ ಗೇಣಿದಾರನಿಗೂ ವ್ಯತ್ಯಾಸ ಕಡಿಮೆ. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದು ಇದೇ ಗರಡಿಯ ಪಟ್ಟು. ಸ್ವಾತಂತ್ರ್ಯವನ್ನು ಅಳತೆ, ಭಾಷೆ, ಉಡುಗೆ, ಕೂರುವ ಜಾಗಗಳ ಮಟ್ಟದಲ್ಲಿ ಹುಡುಕಿದ್ದು ಈ ಪರಂಪರೆಯ ನಿಜವಾದ ಸಂಪಾದನೆ. ಕರ್ನಾಟಕದ ಬೇರಾವ ಪಕ್ಷವೂ ಅಷ್ಟು ಸೂಕ್ಷ್ಮವಾಗಿ ಹುಡುಕಿರಲಿಲ್ಲ.

ಹಾಗಾದರೆ ಭೂಮಿ? ಅದು ಕಾಗೋಡಿನ ರೈತರಿಗೆ ಸತ್ಯಾಗ್ರಹದಿಂದ ಸಿಗಲಿಲ್ಲ. 1961ರ ಭೂಸುಧಾರಣಾ ಕಾಯ್ದೆ ಕಾಗದದ ಮೇಲೆ ಇತ್ತು. ಅದಕ್ಕೆ ಹಲ್ಲು ಬಂದದ್ದು 1974ರ ಮಾರ್ಚ್ 1ರಂದು, ಮುಖ್ಯಮಂತ್ರಿ ದೇವರಾಜ ಅರಸರ ತಿದ್ದುಪಡಿ ಜಾರಿಯಾದಾಗ. ಅರಸರು ಕಾಂಗ್ರೆಸ್ಸಿನವರು. ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಕೂತವು, ಸರ್ಕಾರಿ ಅಧಿಕಾರಿಯ ಜೊತೆ ಅಧಿಕಾರಿಗಳಲ್ಲದ ಸದಸ್ಯರೂ ಇದ್ದರು, ವಕೀಲರನ್ನು ದೂರ ಇಡಲಾಯಿತು. ಜನ ಏಳನೇ ನಂಬರ್ ಫಾರಂ ತುಂಬಿ ಡಿಕ್ಲರೇಶನ್ ಹಾಕಿದರು. ಘೋಷಣೆಯಾಗಿ ಕೂಗುತ್ತಿದ್ದ ‘ಉಳುವವನೇ ಹೊಲದೊಡೆಯ’ ಪಹಣಿಯ ಕಾಲಂ ಒಳಗೆ ಇಳಿದದ್ದು ಹೀಗೆ. ಸಮಾಜವಾದಿಗಳು ನೆಲ ಹದ ಮಾಡಿರದಿದ್ದರೆ ಅರಸರಿಗೆ ಅಷ್ಟು ದೂರ ಹೋಗುವ ಎದೆ ಬರುತ್ತಿರಲಿಲ್ಲ ಎನ್ನುವುದು ಅವರ ಕಡೆಯವರ ವಾದ. ಒಪ್ಪೋಣ. ಆದರೂ ಫಾರಂ ರೂಪಿಸಿದವರು, ಮಂಡಳಿಯಲ್ಲಿ ಯಾರು ಕೂರಬೇಕು ಎಂದು ಯೋಚಿಸಿದವರು, ಹೈಕೋರ್ಟಿಗೆ ಹೋಗುವ ಒಡೆಯರನ್ನು ಎದುರಿಸಲು ಕಾಯ್ದೆಯ ವಾಕ್ಯಗಳನ್ನು ಬಿಗಿ ಮಾಡಿದವರು ಸಮಾಜವಾದಿಗಳಲ್ಲ. ಹಿಂದುಳಿದವರ ಮೀಸಲಾತಿಯ ಕಥೆಯೂ ಅಷ್ಟೆ. ಅದನ್ನು ರಾಜಕಾರಣದ ನಡುಮನೆಗೆ ತಂದವರು ಲೋಹಿಯಾ, ಎಲ್.ಜಿ. ಹಾವನೂರರ ಆಯೋಗ ನೇಮಿಸಿದವರು ಅರಸರು. ಇನ್ನು, ಈ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತೇ ಹೊರತು ಗೇಣಿಯೂ ಇಲ್ಲದ ಕೂಲಿಯಾಳಿಗೆ, ಅವರಲ್ಲಿ ಹೆಚ್ಚಿನವರಾಗಿದ್ದ ದಲಿತರಿಗೆ, ಕೊಟ್ಟದ್ದು ಅತ್ಯಲ್ಪ. ಆ ಕುರುಡು ಅರಸರದು ಮಾತ್ರವಲ್ಲ, ಕಾಗೋಡಿನದೂ ಹೌದು.

ಎದುರು ನಿಲ್ಲುವುದನ್ನೇ ಧೈರ್ಯದ ಪೂರ್ಣ ರೂಪವೆಂದು ತಿಳಿದವರಿಗೆ ಅಧಿಕಾರ ಸಿಕ್ಕಾಗ ಕೈ ಓಡುವುದಿಲ್ಲ. ಈ ಗರಡಿಯಿಂದ ಬಂದ ಬಂಗಾರಪ್ಪನವರು 1990ರಲ್ಲಿ ಮುಖ್ಯಮಂತ್ರಿಯಾದರು, ಪಟೇಲರು 1996ರಲ್ಲಿ. ಬಂಗಾರಪ್ಪನವರು ರೈತರ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟರು. ತಮಿಳುನಾಡಿಗೆ ನೀರು ಬಿಡಬೇಕೆಂದು ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದಾಗ ಅದನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿದರು. ಸುಪ್ರೀಂ ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಆಜ್ಞೆ ಮುರಿಯುವ ಹಳೆಯ ಹುರುಪು ಮುಖ್ಯಮಂತ್ರಿಯ ಕುರ್ಚಿಯಿಂದ ಹೊರಟಾಗ ಅದರ ಬಿಸಿ ತಟ್ಟಿದ್ದು ಬೆಂಗಳೂರಿನ ತಮಿಳು ಕೂಲಿಕಾರರಿಗೆ. ಪಟೇಲರದು ಬೇರೆ ಸ್ವಭಾವ, ತಮ್ಮನ್ನೇ ಗೇಲಿ ಮಾಡಿಕೊಳ್ಳಬಲ್ಲವರು. ಅವರ ಆಡಳಿತಕ್ಕಿಂತ ಅವರ ಹಾಸ್ಯ ಜನರ ನೆನಪಿನಲ್ಲಿ ಉಳಿದಿದೆ ಎಂಬುದೇ ಒಂದು ವಿಮರ್ಶೆ.

ಈ ಕೊರತೆಯನ್ನು ಮೊದಲು ಕಂಡವರು ಸಮಾಜವಾದಿ ಬಳಗದ ಲೇಖಕರೇ. ಗೋಪಾಲಗೌಡರ ಬದುಕಿನ ಛಾಯೆಯಿರುವ ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ 1978ರಲ್ಲಿ ಬಂತು. ಅದರ ನಾಯಕ ಕೃಷ್ಣಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾನೆ, ಸುತ್ತಲಿನವರು ಅವನನ್ನು ಮುಖ್ಯಮಂತ್ರಿ ಮಾಡಲು ಓಡಾಡುತ್ತಿದ್ದಾರೆ. ಜಯಂತಿಯ ಭಾಷಣಗಳೆಲ್ಲ ಸೇರಿಯೂ ಹೇಳದಷ್ಟನ್ನು ಈ ಒಂದು ಸನ್ನಿವೇಶ ಹೇಳುತ್ತದೆ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು ಮಾತ್ರ ಗುದ್ದಲಿಯ ದಾರಿ ಹಿಡಿದರು. ಲೋಹಿಯಾ ಅವರನ್ನು ಕನ್ನಡಕ್ಕೆ ತಂದರು, ನೀನಾಸಮ್ ಎಂಬ ರಂಗಸಂಸ್ಥೆ ಕಟ್ಟಿದರು. ಕಾಗೋಡು ಇರುವ ಸಾಗರ ತಾಲ್ಲೂಕಿನಲ್ಲೇ ದಶಕಗಳ ಕಾಲ ದಿನವೂ ನಡೆಯುವ ಒಂದು ಸಂಸ್ಥೆಯನ್ನು ನಿಲ್ಲಿಸಿದ್ದು ಚುನಾವಣೆಗೆ ನಿಲ್ಲದ ಒಬ್ಬ ಅಡಿಕೆ ಬೆಳೆಗಾರ.

ಪರಂಪರೆಯ ಲೆಕ್ಕದಲ್ಲಿ ಸದಾ ಬಿಟ್ಟುಹೋಗುವ ಇನ್ನೊಂದು ಹೆಸರು ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಜನ ಅವರನ್ನು ಬಲ್ಲರು. ಜಾರ್ಜ್ ಫರ್ನಾಂಡಿಸರ ಸ್ನೇಹಿತೆ ಎಂಬ ಕಾರಣಕ್ಕೆ ತುರ್ತು ಪರಿಸ್ಥಿತಿಯ ನಡುವೆ, 1976ರ ಮೇನಲ್ಲಿ, ಅವರನ್ನು ಹಿಡಿದು ಬೆಂಗಳೂರಿನ ಕೇಂದ್ರ ಕಾರಾಗೃಹಕ್ಕೆ ಹಾಕಿದರು. ಫರ್ನಾಂಡಿಸರ ಮೇಲೆ ಹೂಡಿದ ಬರೋಡಾ ಡೈನಮೈಟ್ ಪ್ರಕರಣದ ದೋಷಾರೋಪ ಪಟ್ಟಿಯಲ್ಲಿ ಕೊನೆಗೂ ಅವರ ಹೆಸರು ಬರಲಿಲ್ಲ, ಆದರೂ ಬಿಡಲಿಲ್ಲ. ಆಸ್ತಮಾ ಇತ್ತು, ತಕ್ಕ ಚಿಕಿತ್ಸೆ ಇರಲಿಲ್ಲ. ಅಂಥದರಲ್ಲೂ ಜೊತೆಗಿದ್ದ ಮಹಿಳಾ ಕೈದಿಗಳ ಊಟಕ್ಕಾಗಿ, ಅವರ ಮೇಲಿನ ಹೊಡೆತ ನಿಲ್ಲಿಸುವುದಕ್ಕಾಗಿ ಜೈಲಿನವರೊಡನೆ ಜಗಳ ಆಡುತ್ತಿದ್ದರು. ಪೆರೋಲ್ ಮೇಲೆ ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು, ಪ್ರಾಣ ಹೋಯಿತು. ತುರ್ತು ಪರಿಸ್ಥಿತಿಯ ಜೈಲುವಾಸವನ್ನು ಆಮೇಲೆ ಟಿಕೆಟ್ಟಿಗೂ ಪಿಂಚಣಿಗೂ ಬಳಸಿಕೊಂಡವರ ಸಾಲು ಉದ್ದವಿದೆ. ಸ್ನೇಹಲತಾ ಅವರಲ್ಲಿದ್ದ ಧೈರ್ಯಕ್ಕೆ ಸಭಿಕರಿರಲಿಲ್ಲ. ಪಕ್ಕದ ಕೈದಿಯ ತಟ್ಟೆಯಲ್ಲಿ ಏನು ಬಿದ್ದಿದೆ ಎಂದು ನೋಡುವ ಧೈರ್ಯ ಅದು.

ಸಾಗರ, ಹೊಸನಗರಗಳ ಕಡೆ ಇಂಥ ಧೈರ್ಯ ಬೇಕಾದ ಕೆಲಸ ಇನ್ನೂ ಬಾಕಿ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಊರು ಊರೇ ಮುಳುಗಿದವು. ಸಮಾಜವಾದಿಗಳ ಸ್ವಂತ ನೆಲೆ ಅದು. ಆದರೆ ಕಾಗೋಡಿನಷ್ಟು ಹೆಸರಾದ ಚಳವಳಿ ಮುಳುಗಡೆಯ ಸುತ್ತ ಬೆಳೆಯಲಿಲ್ಲ. ಅಲ್ಲಿ ಎದುರು ನಿಲ್ಲಲು ಕೊಳಗ ಹಿಡಿದ ಒಡೆಯನಿರಲಿಲ್ಲ, ರಾಜ್ಯಕ್ಕೆಲ್ಲ ಬೆಳಕು ಕೊಡುವ ಯೋಜನೆ ಇತ್ತು. ಲಾರಿಯಲ್ಲಿ ತಂದು ಕಾಡಂಚಿಗೆ ಬಿಟ್ಟ ಕುಟುಂಬಗಳಲ್ಲಿ ಅನೇಕರಿಗೆ ಹಕ್ಕುಪತ್ರ ಸಿಗಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಆ ಜಮೀನು ಕೊಡುವಂತೆಯೂ ಇಲ್ಲ. ಕಾಗೋಡಿನಲ್ಲೇ ಹುಟ್ಟಿ ವಿಧಾನಸಭಾಧ್ಯಕ್ಷರೂ ಕಂದಾಯ ಸಚಿವರೂ ಆದ ಕಾಗೋಡು ತಿಮ್ಮಪ್ಪನವರು ವಯಸ್ಸಾದ ಮೇಲೂ ಈ ಜನರ ಪರವಾಗಿ ಬೀದಿಗಿಳಿದಿದ್ದಾರೆ. ಕಂದಾಯ ಖಾತೆಯನ್ನೇ ನಡೆಸಿದವರು ಅದೇ ಇಲಾಖೆಯ ಕೆಲಸಕ್ಕಾಗಿ ಧರಣಿ ಕೂರಬೇಕಾಗುತ್ತದೆ. ನೇಗಿಲು ಹೊತ್ತು ಇಳಿಯೋಣವೆಂದರೆ ಸಂತ್ರಸ್ತರು ಅರವತ್ತು ವರ್ಷದಿಂದ ಆ ನೆಲದಲ್ಲೇ ಉಳುತ್ತಿದ್ದಾರೆ. ಅವರಿಗೆ ಈಗ ಬೇಕಾಗಿರುವವರು ಮುಳುಗಡೆ ಕಾಲದ ಆದೇಶಗಳನ್ನು ಹುಡುಕಿ ತೆಗೆದು, ಕಂದಾಯದವರನ್ನೂ ಅರಣ್ಯದವರನ್ನೂ ಒಂದೇ ಸರ್ವೆಗೆ ಕೂರಿಸಿ, ಆ ಕಡತದ ಬೆನ್ನು ಬಿಡದೆ ಬೆಂಗಳೂರಿನಿಂದ ದೆಹಲಿಯವರೆಗೆ ಹೋಗುವ ಶಾಸಕರು.