ಬೀಳಿಸದೆ ಗೆದ್ದವರು: ಫ್ಲೈವೇಟ್ ಬಾಕ್ಸಿಂಗ್ ರಸಿಕರಿಗೊಂದು ಕೈಪಿಡಿ

ತುಮಕೂರಿನ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳಲು ಬಂದ ಅನುಭವಸ್ಥ ರೈತ ಬರೀ ಗಾತ್ರ ನೋಡಿ ಬೆಲೆ ಕಟ್ಟುವುದಿಲ್ಲ. ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಗೊರಸು ನೆಲಕ್ಕೆ ಹೇಗೆ ಊರುತ್ತದೆ, ತಿರುಗುವಾಗ ಮೈ ತೂಗುತ್ತದೆಯೋ ಬಿಗಿಯಾಗಿ ನಿಲ್ಲುತ್ತದೆಯೋ ಎಂದು ಕಣ್ಣಿಟ್ಟು ನೋಡಿದ ಮೇಲೆಯೇ ಮಾತು. ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಕುದುರೆ ಪಳಗಿಸುವವರದೂ ಇದೇ ಕಣ್ಣು. ಕುದುರೆಯನ್ನು ಓಡಿಸುವ ಮೊದಲು ನಡೆಸಿ ನೋಡುತ್ತಾರೆ. ಬಾಕ್ಸಿಂಗಿನ ಅತಿ ಹಗುರ ವರ್ಗಗಳಲ್ಲೊಂದಾದ ಫ್ಲೈವೇಟನ್ನು ಸವಿಯಲು ಬೇಕಾದದ್ದೂ ಈ ಕಣ್ಣೇ. ಇಲ್ಲಿ ತೂಕದ ಮಿತಿ 112 ಪೌಂಡ್, ಅಂದರೆ 50.8 ಕಿಲೋ. ಒಂದು ಸಿಮೆಂಟ್ ಚೀಲಕ್ಕಿಂತ ಮುಕ್ಕಾಲು ಕಿಲೋದಷ್ಟು ಹೆಚ್ಚು, ಅಷ್ಟೇ. ರೇಸಿನ ಕುದುರೆ ಹತ್ತುವ ಜಾಕಿಯ ತೂಕವೂ ಇದರ ಆಸುಪಾಸಿನದೇ. ಇಷ್ಟು ಹಗುರ ಮೈಯಿಂದ ಒಂದೇ ಏಟಿಗೆ ಎದುರಾಳಿಯನ್ನು ಮಲಗಿಸುವುದು ಸುಲಭವಲ್ಲ. ಹಾಗಾಗಿ ಬೀಳಿಸುವುದೊಂದನ್ನೇ ಕಾಯುತ್ತ ಕುಳಿತವರಿಗೆ ಫ್ಲೈವೇಟ್ ಬೇಸರ ತರಿಸುತ್ತದೆ. ಹೆಜ್ಜೆ ನೋಡಬಲ್ಲವರಿಗೆ ಬಾಕ್ಸಿಂಗ್ ಇಡಿಯಾಗಿ ಕಾಣುವುದು ಇಲ್ಲಿಯೇ. ಈ ಮಾತಿಗೆ ಮಿಗೆಲ್ ಕಾಂಟೊ ಅವರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕಾಂಟೊ ಮೆಕ್ಸಿಕೊದ ಯುಕತಾನ್ ಪ್ರಾಂತ್ಯದ ಮೆರಿದಾ ಊರಿನವರು, ಹುಟ್ಟಿದ್ದು 1948ರಲ್ಲಿ. ಎತ್ತರ ಐದಡಿ ಒಂದಂಗುಲದಷ್ಟು. 1969ರಲ್ಲಿ ವೃತ್ತಿಗೆ ಇಳಿದ ಮೊದಲ ಕಾದಾಟದಲ್ಲೇ ಸೋತರು. 1973ರಲ್ಲಿ ವಿಶ್ವಪಟ್ಟಕ್ಕಾಗಿ ವೆನೆಜುವೆಲಾಕ್ಕೆ ಹೋಗಿ ಬೆತುಲಿಯೊ ಗೊನ್ಸಾಲೆಸ್ ಎದುರು ಸೋತು ಬಂದರು. 1975ರ ಜನವರಿಯಲ್ಲಿ ಜಪಾನಿನ ಸೆಂಡಾಯ್ ನಗರದಲ್ಲಿ, ಜಪಾನಿನವರೇ ಆದ ಶೋಜಿ ಒಗುಮಾ ಅವರನ್ನು ಪಾಯಿಂಟ್ಸ್ ಮೇಲೆ ಸೋಲಿಸಿ ವಿಶ್ವ ಬಾಕ್ಸಿಂಗ್ ಕೌನ್ಸಿಲ್ಲಿನ ಪಟ್ಟ ಪಡೆದರು. ಅಲ್ಲಿಂದ 1979ರ ಮಾರ್ಚ್‌ವರೆಗೆ 14 ಬಾರಿ ಅದನ್ನು ಉಳಿಸಿಕೊಂಡರು. ಒಟ್ಟು 74 ಕಾದಾಟ, 61 ಗೆಲುವು, 9 ಸೋಲು, 4 ಸಮ. ಆ 61 ಗೆಲುವುಗಳಲ್ಲಿ ನಾಕೌಟ್ 15 ಮಾತ್ರ. ಅವರನ್ನು ತಿದ್ದಿದ ಗುರು ಹೆಸೂಸ್ ರಿವೆರೊ; ಮುಂದೆ 1990ರ ದಶಕದಲ್ಲಿ ಆಸ್ಕರ್ ಡೆ ಲಾ ಹೋಯಾ ಅವರಂಥ ಶ್ರೀಮಂತ ತಾರೆ ರಕ್ಷಣೆಯ ಪಾಠ ಕಲಿಯಲು ಹುಡುಕಿಕೊಂಡು ಹೋದದ್ದು ಇದೇ ರಿವೆರೊ ಅವರನ್ನು. ಕಾಂಟೊ ಅವರನ್ನು ಸ್ಪ್ಯಾನಿಷ್ ಬಲ್ಲ ಅಭಿಮಾನಿಗಳು ‘ಎಲ್ ಮಾಯೆಸ್ತ್ರೊ’ ಎಂದು ಕರೆದರು. ನಮ್ಮ ಕಡೆ ಮೇಷ್ಟ್ರು ಅಂದ ಹಾಗೆಯೇ.

ಇಂಥವರ ಹೆಸರು ಬಾಕ್ಸಿಂಗ್ ಅಭಿಮಾನಿಗಳ ಒಳಬಳಗದಾಚೆ ಕೇಳಿಬರದೇ ಹೋದದ್ದೇಕೆ? ಅವರು ಪಟ್ಟಕ್ಕೇರಿದ 1975ರಲ್ಲೇ ಮನಿಲಾದಲ್ಲಿ ಅಲಿ ಮತ್ತು ಫ್ರೇಜಿಯರ್ ಹೊಡೆದಾಡಿದರು. ಜಗತ್ತಿನ ಕಣ್ಣು ಹೆವಿವೇಟಿನ ಮೇಲಿತ್ತು ಎಂಬುದು ಒಂದು ಕಾರಣ. ಆದರೆ ಅದಕ್ಕಿಂತ ದೊಡ್ಡ ಕಾರಣ ಅವರ ದೇಶದಲ್ಲೇ ಇತ್ತು. 1977ರ ಏಪ್ರಿಲ್‌ನಲ್ಲಿ ಕಾರ್ಲೋಸ್ ಸರಾತೆ ಮತ್ತು ಅಲ್ಫೋನ್ಸೊ ಸಮೋರಾ ಎಂಬ ಇಬ್ಬರು ಮೆಕ್ಸಿಕನ್ ಬ್ಯಾಂಟಮ್‌ವೇಟ್ ಚಾಂಪಿಯನ್ನರು ಎದುರುಬದುರಾದರು. ಅಲ್ಲಿಯವರೆಗೆ ಇಬ್ಬರೂ ಸೇರಿ ಆಡಿದ್ದು 74 ಕಾದಾಟ, ಸೋಲು ಒಂದೂ ಇಲ್ಲ, 73 ನಾಕೌಟ್. ಕಾಂಟೊ ಬದುಕಿಡೀ ಆಡಿದ್ದೂ ಸರಿಯಾಗಿ 74 ಕಾದಾಟ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಪಕ್ಕದ ಮನೆಯಲ್ಲಿ ದಿನವೂ ಸಿಡಿಮದ್ದು ಹಾರುತ್ತಿದ್ದರೆ ಈ ಮನೆಯ ವೀಣೆ ಯಾರಿಗೆ ಕೇಳಿಸೀತು? ನೆನಪಿಗೂ ಒಂದು ಚಾಳಿಯಿದೆ: ಕೊನೆಯನ್ನು ಹಿಡಿದಿಟ್ಟುಕೊಂಡು ನಡುವನ್ನು ಬಿಟ್ಟುಬಿಡುತ್ತದೆ. ನಾಕೌಟಿಗೆ ಒಂದು ಕೊನೆಯ ಕ್ಷಣವಿದೆ, ಅರ್ಧ ನಿಮಿಷದ ತುಣುಕು ಮಾಡಿ ಮೊಬೈಲಿನಲ್ಲಿ ಕಳಿಸಬಹುದು. ಆಗಿನ ವಿಶ್ವಪಟ್ಟದ ಕಾದಾಟ 15 ರೌಂಡಿನದು. ಮೂರು ಮೂರು ನಿಮಿಷದಂತೆ 45 ನಿಮಿಷದ ಹೊಡೆದಾಟ, ನಡುವಿನ ವಿಶ್ರಾಂತಿ 14 ನಿಮಿಷ, ಒಟ್ಟು 59. ಕಾಂಟೊ ಅವರ ಗೆಲುವು ಈ 59 ನಿಮಿಷಗಳಲ್ಲಿ ಹರಡಿಕೊಂಡಿರುತ್ತದೆ. ಕತ್ತರಿಸಿದರೆ ಏನೂ ಉಳಿಯುವುದಿಲ್ಲ.

ಹಾಗಾದರೆ ನೋಡುವುದು ಹೇಗೆ? ಮೊದಲ ಎರಡು ರೌಂಡ್ ಕೈಗಳನ್ನು ಮರೆತು ಪಾದಗಳನ್ನು ಮಾತ್ರ ನೋಡಿ. ಕಬಡ್ಡಿ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ಒಳ್ಳೆಯ ರೇಡರ್ ಹಿಡಿಯುವವರ ಕೈಗೆ ಒಂದು ಗೇಣು ಆಚೆಗೇ ಆಡುತ್ತಿರುತ್ತಾನೆ. ಆ ಗೇಣನ್ನು ತನಗೆ ಬೇಕಾದಾಗ ಅಳಿಸಿ, ಮುಟ್ಟಿ, ಮತ್ತೆ ಎಳೆದುಕೊಳ್ಳುತ್ತಾನೆ. ಬಾಕ್ಸಿಂಗಿನ ಗುಟ್ಟೆಲ್ಲ ಈ ಗೇಣಿನ ಒಡೆತನದಲ್ಲಿದೆ. ಕಾಂಟೊ ಅವರ ವಿಷಯದಲ್ಲಿ ಇದೊಂದು ಸೋಜಿಗವೇ ಆಗಿತ್ತು. ಜ್ಯಾಬ್ ಎಂಬ ಎಡಗೈಯ ನೇರ ಗುದ್ದು ಸಾಮಾನ್ಯವಾಗಿ ಉದ್ದ ಕೈಯವರ ಆಯುಧ. ಎದುರಾಳಿಯನ್ನು ದೂರ ನಿಲ್ಲಿಸಲು ಬಳಸುವುದು. ಕಾಂಟೊ ಅವರದು ಗಿಡ್ಡ ಮೈ, ಗಿಡ್ಡ ಕೈ. ಆದರೂ ಅವರ ಆಟದ ಬೆನ್ನೆಲುಬು ಜ್ಯಾಬೇ. ಕೈಯ ಕೊರತೆಯನ್ನು ಅವರು ಕಾಲಿನಿಂದ ತುಂಬಿಕೊಂಡರು: ಎಡಪಾದ ಅರ್ಧ ಹೆಜ್ಜೆ ಮುಂದೆ ಸರಿಯುವುದಕ್ಕೂ ಮುಷ್ಟಿ ತಗಲುವುದಕ್ಕೂ ಅಂತರವೇ ಇಲ್ಲ, ತಗಲಿದ ಮರುಕ್ಷಣ ಆ ಜಾಗದಲ್ಲಿ ಅವರು ಇರುವುದಿಲ್ಲ. ಹಿಂದಕ್ಕೆ ನೇರವಾಗಿ ಸರಿದರೆ ಹಗ್ಗಕ್ಕೆ ಬೆನ್ನು ತಾಗುತ್ತದೆ. ಅದಕ್ಕೇ ಪಕ್ಕಕ್ಕೆ, ಪಾದದ ಮೇಲೆ ಮೈ ತಿರುವಿ ಹೊರಳುತ್ತಾರೆ. ಎದುರಾಳಿ ಮತ್ತೆ ಅವರ ಕಡೆ ಮುಖ ತಿರುಗಿಸಿ ಕಾಲೂರುವಷ್ಟರಲ್ಲಿ ಇನ್ನೊಂದು ಜ್ಯಾಬ್. ಎದುರಾಳಿ ಒಂದು ರೌಂಡಿನಲ್ಲಿ ಎಷ್ಟು ಸಲ ಹೀಗೆ ಕಾಲು ಸರಿಪಡಿಸಿಕೊಳ್ಳಬೇಕಾಯಿತು ಎಂದು ಎಣಿಸಿ. ಯಾರು ಯಾರನ್ನು ಆಡಿಸುತ್ತಿದ್ದಾರೆ ಎಂಬುದು ಆ ಲೆಕ್ಕದಲ್ಲೇ ತಿಳಿಯುತ್ತದೆ.

ಎರಡನೆಯದಾಗಿ, ತಗಲದ ಗುದ್ದುಗಳನ್ನು ನೋಡಲು ಕಲಿಯಬೇಕು. ಹೊಸಬರ ಕಣ್ಣು ತಗಲಿದ್ದನ್ನು ಮಾತ್ರ ಲೆಕ್ಕ ಹಾಕುತ್ತದೆ. ಗಾಳಿಗೆ ಹೋದ ಗುದ್ದು ಹೊಡೆದವನ ಉಸಿರನ್ನು ಕದಿಯುತ್ತದೆ, ಅವನ ಪಕ್ಕೆಯನ್ನು ಬಯಲು ಮಾಡುತ್ತದೆ, ಮುಂದಿನ ಗುದ್ದಿಗೆ ಮುನ್ನ ಅನುಮಾನ ಹುಟ್ಟಿಸುತ್ತದೆ. ಮೂರನೇ ರೌಂಡಿನಲ್ಲಿ ತಪ್ಪಿದ ಹತ್ತು ಗುದ್ದುಗಳ ಫಲ ಹನ್ನೆರಡನೇ ರೌಂಡಿನಲ್ಲಿ ಕಾಣುತ್ತದೆ. ಗುದ್ದನ್ನು ಹೀಗೆ ತಪ್ಪಿಸುವುದು ಸಮಯಪ್ರಜ್ಞೆಯ ಕೆಲಸ; ಅದನ್ನು ಅರಿಯಲು ನಾವು ದೂರ ಹೋಗಬೇಕಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ಮುಂದೆ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಆ ಆನೆಗಳ ಕಥೆ ಇಂದಿಗೂ ಬಾಯಿಂದ ಬಾಯಿಗೆ ಹರಿದಾಡುತ್ತದೆ. ಆದರೆ ಕಂಪನಿಯ ಒಡೆಯರಾದ ವೀರಣ್ಣನವರನ್ನು ನಟರಾಗಿ ಮನೆಮಾತಾಗಿಸಿದ್ದು ‘ಸದಾರಮೆ’ಯ ಕಳ್ಳನಂಥ ಹಾಸ್ಯದ ಪಾತ್ರ. ಹಾಸ್ಯನಟನ ಬಂಡವಾಳ ಸಮಯಪ್ರಜ್ಞೆ. ಎದುರಿನವನ ಮಾತು ಮುಗಿಯುವ ಒಂದು ಕ್ಷಣ ಮೊದಲೋ ಒಂದು ಕ್ಷಣ ತಡೆದೋ ಬಂದರೆ ಸಭೆ ನಗುತ್ತದೆ, ಸರಿಯಾಗಿ ಅದೇ ಹೊತ್ತಿಗೆ ಬಂದರೆ ಇಲ್ಲ. ಕಾಂಟೊ ಅವರ ತಲೆ ಗುದ್ದಿನ ದಾರಿಯಿಂದ ಸರಿಯುವುದೂ ಇಂಥದೇ ಲೆಕ್ಕದ ಮೇಲೆ. ಬೇಗ ಸರಿದರೆ ಎದುರಾಳಿ ಗುದ್ದನ್ನು ತಿರುಗಿಸಿಬಿಡುತ್ತಾನೆ. ಹೊರಟ ಗುದ್ದನ್ನು ಹಿಂದಕ್ಕೆಳೆಯಲಾರದ ಹೊತ್ತಿನವರೆಗೆ ಕಾದು ಸರಿಯಬೇಕು. ಆನೆ ನೋಡಲು ಬಂದ ಜನ ವೀರಣ್ಣನವರ ಮಾತಿನ ಓಟಕ್ಕೂ ಸೋಲುತ್ತಿದ್ದರು ಎಂದ ಮೇಲೆ, ನಾಕೌಟ್ ನೋಡಲು ಕುಳಿತವರು ಈ ಕಾಯುವಿಕೆಗೂ ಸೋಲಬಲ್ಲರು ಎಂದು ನಂಬಬಹುದು.

ಮೂರನೆಯದು ಕಾಗದ ಪೆನ್ಸಿಲ್. ವೀಕ್ಷಕ ವಿವರಣೆಯ ಸದ್ದು ಪೂರ್ತಿ ಇಳಿಸಿ, ಪ್ರತಿ ರೌಂಡ್ ಮುಗಿದೊಡನೆ ನೀವೇ ತೀರ್ಪು ಬರೆಯಿರಿ: ಗೆದ್ದವರಿಗೆ 10, ಸೋತವರಿಗೆ 9. ಪ್ರತಿ ರೌಂಡೂ ಹೊಸ ಪುಟ, ಹಿಂದಿನದರ ನೆರಳು ಇದರ ಮೇಲೆ ಬೀಳಬಾರದು. ಸ್ವಚ್ಛವಾಗಿ ತಗಲಿದ ಗುದ್ದು, ಫಲ ಕೊಟ್ಟ ಆಕ್ರಮಣ, ರಕ್ಷಣೆ, ರಿಂಗಿನ ಮೇಲಿನ ಹಿಡಿತ ಎಂಬ ನಾಲ್ಕನ್ನು ತೀರ್ಪುಗಾರರು ತೂಗುತ್ತಾರೆ. ಮುಂದೆ ನುಗ್ಗುತ್ತಿರುವವನೇ ಗೆಲ್ಲುತ್ತಿದ್ದಾನೆ ಎಂಬ ಭ್ರಮೆ ಹೊಸಬರಿಗೆ ಇದ್ದೇ ಇರುತ್ತದೆ. ನಾಲ್ಕೈದು ಕಾದಾಟಗಳಿಗೆ ಅಂಕ ಹಾಕಿದ ಮೇಲೆ ಅದು ತಾನಾಗಿ ಕರಗುತ್ತದೆ. ನಿಮ್ಮ ಅಂಕಕ್ಕೂ ತೀರ್ಪುಗಾರರ ಅಂಕಕ್ಕೂ ತಾಳೆಯಾಗದಿದ್ದರೆ ಚಿಂತೆಯಿಲ್ಲ. ಯಾವ ರೌಂಡಿನಲ್ಲಿ ಭೇದ ಬಂತೋ ಅದನ್ನು ಮತ್ತೊಮ್ಮೆ ನೋಡಿ.

ಈಗ ಆಕ್ಷೇಪಗಳಿಗೆ ಬರೋಣ. ಗುದ್ದಿನಲ್ಲಿ ಬಲವಿಲ್ಲದವನು ಪಾಯಿಂಟ್ಸ್ ಕೂಡಿಸಿಕೊಂಡ, ತೀರ್ಪುಗಾರರ ದಯೆಯಲ್ಲಿ ಉಳಿದ ಎನ್ನುವವರಿದ್ದಾರೆ. ಕೆಲವು ಕಾದಾಟಗಳಲ್ಲಿ ತೀರ್ಪುಗಾರರು ಒಮ್ಮತಕ್ಕೆ ಬರಲಿಲ್ಲ ಎಂಬುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ದಯೆ ಸಾಮಾನ್ಯವಾಗಿ ತವರಿನವನಿಗೆ ದಕ್ಕುವಂಥದು. ಕಾಂಟೊ ಪಟ್ಟ ಗೆದ್ದದ್ದು ಜಪಾನಿನಲ್ಲಿ. ಗೊನ್ಸಾಲೆಸ್ ಅವರನ್ನು ಕಾರಕಾಸ್‌ನಲ್ಲಿ, ಮಾರ್ಟಿನ್ ವರ್ಗಾಸ್ ಅವರನ್ನು ಚಿಲಿಯ ಸಾಂಟಿಯಾಗೊದಲ್ಲಿ, ಒಗುಮಾ ಅವರನ್ನು 1978ರಲ್ಲಿ ಮತ್ತೆರಡು ಸಲ ಜಪಾನಿನಲ್ಲೇ ಮಣಿಸಿದರು. ಎದುರಾಳಿಯ ಊರಿನಲ್ಲಿ, ಅವನ ಜನರ ಕೂಗಿನ ನಡುವೆ, ಬೀಳಿಸದೆ ಗೆಲ್ಲುವುದು ಬೀಳಿಸಿ ಗೆಲ್ಲುವುದಕ್ಕಿಂತ ಕಷ್ಟ. ಬಿದ್ದವನ ವಿಷಯದಲ್ಲಿ ತೀರ್ಪುಗಾರರಿಗೆ ಆಯ್ಕೆಯೇ ಇಲ್ಲ. ನಿಂತವನ ವಿಷಯದಲ್ಲಿ ಅನುಮಾನಕ್ಕೆ ಎಡೆಯಿಲ್ಲದಷ್ಟು ಮೇಲುಗೈ ತೋರಿಸಬೇಕಾಗುತ್ತದೆ.

ಎದುರಾಳಿಗಳು ಸಾಧಾರಣರು ಎಂಬ ಮಾತು ಇನ್ನೂ ದುರ್ಬಲ. ಗೊನ್ಸಾಲೆಸ್ ಕಾಂಟೊಗಿಂತ ಮೊದಲೂ ಚಾಂಪಿಯನ್, ಅವರಿಂದ ಎರಡು ಸಲ ಸೋತ ಮೇಲೂ 1978ರಲ್ಲಿ ವಿಶ್ವ ಬಾಕ್ಸಿಂಗ್ ಅಸೋಸಿಯೇಷನ್ನಿನ ಪಟ್ಟ ಗೆದ್ದರು. ಒಗುಮಾ 1980ರಲ್ಲಿ ಮತ್ತೆ ಚಾಂಪಿಯನ್ ಆದರು. 1979ರ ಫೆಬ್ರುವರಿಯಲ್ಲಿ ಕಾಂಟೊ ಸೋಲಿಸಿದ ಅಂತೋನಿಯೊ ಅವೆಲಾರ್ 1981ರಲ್ಲಿ ಅದೇ ಒಗುಮಾರಿಂದ ಪಟ್ಟ ಕಿತ್ತುಕೊಂಡರು. ಕಾಂಟೊ ಸೋಲಿಸಿದ ಸುಸುಮು ಹನಗಾತಾ ಕೂಡ ಮಾಜಿ ಚಾಂಪಿಯನ್. ಅಂದರೆ ಒಂದು ದಶಕದ ಫ್ಲೈವೇಟ್ ಇತಿಹಾಸ ಬರೆದವರಲ್ಲಿ ಹಲವರು ಈ ಒಬ್ಬರ ಎದುರು ಸೋತು ಹೋದವರೇ. ಗಂಭೀರವಾದ ಆಕ್ಷೇಪ ಒಂದಿದೆ: ಮೆರಿದಾದಲ್ಲೇ ಇನ್ನೊಬ್ಬ ಚಾಂಪಿಯನ್ ಇದ್ದರು. 1976ರಿಂದ 1978ರವರೆಗೆ ಇನ್ನೊಂದು ಸಂಸ್ಥೆಯಾದ ವಿಶ್ವ ಬಾಕ್ಸಿಂಗ್ ಅಸೋಸಿಯೇಷನ್ನಿನ ಫ್ಲೈವೇಟ್ ಪಟ್ಟ ಅದೇ ಊರಿನ ಗುತಿ ಎಸ್ಪಾದಾಸ್ ಅವರ ಬಳಿಯಿತ್ತು. ಗುದ್ದಿನ ಬಲ ಅವರಲ್ಲಿತ್ತು. ಆ ಎರಡು ಪಟ್ಟಗಳು ಒಂದೇ ರಿಂಗಿನಲ್ಲಿ ಸೇರಲಿಲ್ಲ. ಎಸ್ಪಾದಾಸ್ ಅವರಿಂದ ಪಟ್ಟ ಗೆದ್ದುಕೊಂಡದ್ದು ಇದೇ ಗೊನ್ಸಾಲೆಸ್ ಎಂಬುದು ಒಂದು ಸುಳಿವು, ಪುರಾವೆಯಲ್ಲ. ಬಾಕ್ಸಿಂಗಿನಲ್ಲಿ ಅವನನ್ನು ಇವನು ಸೋಲಿಸಿದ, ಇವನನ್ನು ನಾನು ಸೋಲಿಸಿದೆ ಎಂಬ ಸರಪಳಿ ಲೆಕ್ಕ ನಡೆಯುವುದಿಲ್ಲ. ಆ ಕಾದಾಟ ನಡೆಯದೇ ಹೋದದ್ದು ಕಾಂಟೊ ಅವರ ದಾಖಲೆಯಲ್ಲಿ ಉಳಿದ ನಿಜವಾದ ಖಾಲಿ ಜಾಗ.

ಎಲ್ಲಕ್ಕಿಂತ ಭಾರವಾದ ಪ್ರಶ್ನೆ ಬೇರೆ. ತಲೆಗೆ ಗುದ್ದುವುದನ್ನು ಕಲೆ ಎಂದು ಸವಿಯುವುದು ಸರಿಯೇ? ಮೆದುಳಿಗೆ ಆಗುವ ಹಾನಿ ಕಲ್ಪನೆಯದಲ್ಲ. 1982ರ ನವೆಂಬರ್‌ನಲ್ಲಿ ಕೊರಿಯಾದ ಕಿಮ್ ದುಕ್ ಕೂ ಲಾಸ್ ವೇಗಸ್‌ನಲ್ಲಿ 14ನೇ ರೌಂಡಿನಲ್ಲಿ ಬಿದ್ದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಮೇಲೆಯೇ ವಿಶ್ವ ಬಾಕ್ಸಿಂಗ್ ಕೌನ್ಸಿಲ್ 15 ರೌಂಡನ್ನು 12ಕ್ಕೆ ಇಳಿಸಿದ್ದು. ಈ ಕಾರಣಕ್ಕೆ ಬಾಕ್ಸಿಂಗನ್ನೇ ಬೇಡವೆನ್ನುವವರ ಮಾತಿಗೆ ಗೌರವ ಸಲ್ಲಬೇಕು. ಆದರೆ ನೋಡುವವರ ಅಭಿರುಚಿ ಆಡುವವರ ಮೈಯನ್ನು ರೂಪಿಸುತ್ತದೆ ಎಂಬುದನ್ನು ಅವರೂ ಒಪ್ಪಬಹುದು. ಬೀಳುವುದಕ್ಕೆ ಮಾತ್ರ ಚಪ್ಪಾಳೆ ಸಿಗುವ ಕಡೆ ತರುಣರು ಏಟು ತಿಂದು ಏಟು ಕೊಡುವುದನ್ನೇ ಕಲಿಯುತ್ತಾರೆ. ಟಿಕೆಟ್ಟು, ಹಣ ಎಲ್ಲವೂ ಅತ್ತಲೇ ಹರಿಯುತ್ತದೆ. ಏಟು ತಪ್ಪಿಸಿಕೊಂಡದ್ದಕ್ಕೂ ಚಪ್ಪಾಳೆ ಸಿಕ್ಕರೆ ರಿವೆರೊ ಅವರಂಥ ಗುರುಗಳಿಗೆ ಶಿಷ್ಯರು ಸಿಗುತ್ತಾರೆ. ಕಾಂಟೊ ಅವರನ್ನು ಮರೆತದ್ದು ಒಬ್ಬ ವ್ಯಕ್ತಿಗೆ ಆದ ಅನ್ಯಾಯವಷ್ಟೇ ಆಗಿದ್ದರೆ 1998ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಾಗಲೇ ಸರಿಹೋಗುತ್ತಿತ್ತು. ನಮ್ಮ ನೋಟ ತಿದ್ದಿಕೊಳ್ಳದ ಹೊರತು ಹಾಗೆ ಮರೆಯಾಗುವವರ ಸಾಲು ನಿಲ್ಲದು. ನಮ್ಮ ದೇಶದಲ್ಲೇ ಮಣಿಪುರದ ಸುರಂಜಯ್ ಸಿಂಗ್ ಅವರ ಹೆಸರು ಈಗ ಎಷ್ಟು ಜನರ ನಾಲಿಗೆಯಲ್ಲಿದೆ? 2009ರಲ್ಲಿ ಚೀನಾದ ಝುಹಾಯ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ಪಿನ ಚಿನ್ನ, ಮರುವರ್ಷ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಫ್ಲೈವೇಟ್ ಅವರು.

ನೋಡಲು ಶುರುಮಾಡುವವರು ಕಾಂಟೊ ಅವರ ಗೆಲುವುಗಳಿಂದಲ್ಲ, 1979ರ ಎರಡು ಕಾದಾಟಗಳಿಂದ ಶುರುಮಾಡಲಿ. ಮಾರ್ಚ್‌ನಲ್ಲಿ ಕೊರಿಯಾದ ಬುಸಾನ್‌ನಲ್ಲಿ, 31ರ ಕಾಂಟೊ ಎದುರು ನಿಂತದ್ದು ಇನ್ನೂ 22 ತುಂಬದ ಪಾರ್ಕ್ ಚಾನ್ ಹೀ. ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಡಿ ಬಂದಿದ್ದ ಪಾರ್ಕ್ ವೇಗದ ಕೈಯವರು. ಹದಿನೈದು ರೌಂಡಿನ ಕೊನೆಗೆ ಪಟ್ಟ ಪಾರ್ಕ್ ಅವರದಾಯಿತು. ಆರು ತಿಂಗಳ ಬಳಿಕ ಸೋಲ್ ನಗರದಲ್ಲಿ, ಮತ್ತೆ ಪಾರ್ಕ್ ಅವರ ನೆಲದಲ್ಲೇ, ಇಬ್ಬರೂ ಎದುರಾದರು, ಫಲಿತಾಂಶ ಸಮ. ಆರು ತಿಂಗಳಲ್ಲಿ ವಯಸ್ಸು ಹಿಂದಕ್ಕೆ ಹೋಗಿರಲಿಲ್ಲ, ಕಾಲಿಗೆ ಹೊಸ ವೇಗ ಬಂದಿರಲಿಲ್ಲ. ಎರಡನ್ನೂ ಬೇರೆ ಬೇರೆ ಸಂಜೆ, ಸದ್ದು ಇಳಿಸಿ, ಅಂಕ ಬರೆಯುತ್ತ ನೋಡಿ. ಎರಡು ಹಾಳೆಗಳನ್ನು ಪಕ್ಕ ಪಕ್ಕ ಇಟ್ಟು, ಮೊದಲನೆಯದರಲ್ಲಿ ಕಾಂಟೊ ಅವರ ಕೈತಪ್ಪಿದ ಯಾವ ರೌಂಡುಗಳು ಎರಡನೆಯದರಲ್ಲಿ ಅವರ ಪಾಲಿಗೆ ಬಂದವೋ ಗುರುತು ಹಾಕಿಕೊಳ್ಳಿ. ಆಮೇಲೆ ಆ ರೌಂಡುಗಳಲ್ಲಿ ಅವರ ಎಡಪಾದ ಎಲ್ಲಿ ಊರುತ್ತಿತ್ತು ಎಂದು ಇನ್ನೊಂದು ಸಲ ನೋಡಿ.