ಹಳೇ ಆಫೀಸಿಗೆ ಹೊಸ ರೌಟರ್

ರೌಟರ್ ಕೊಳ್ಳುವುದರಲ್ಲಿ ಸ್ವಾರಸ್ಯವೇನಿಲ್ಲ. ಎಸ್‌ಪಿ ರೋಡಿಗೆ ಹೋದರೆ ಹತ್ತು ನಿಮಿಷದ ಕೆಲಸ. ಸ್ವಾರಸ್ಯವೆಲ್ಲ ಇರುವುದು ಅದನ್ನು ಹಳೇ ಆಫೀಸಿನ ನೆಟ್‌ವರ್ಕಿಗೆ ಹೊಂದಿಸುವುದರಲ್ಲಿ. ನನಗಂತೂ ಚಿಕ್ಕಪೇಟೆ ಕಡೆಯ ಆಡಿಟರ್ ಆಫೀಸುಗಳೆಂದರೆ ಪ್ರೀತಿ. ಮೂಲೆಯ ಕಂಪ್ಯೂಟರಿನಲ್ಲಿ ಟ್ಯಾಲಿ, ಅಟ್ಟದ ಮೇಲೆ ಧೂಳು ಹಿಡಿದ ಸ್ವಿಚ್ಚು, ಯಾವ ವೈರು ಎಲ್ಲಿಗೆ ಹೋಗುತ್ತದೆಂದು ಬಲ್ಲವರು ಒಬ್ಬರೂ ಇಲ್ಲ.

ಹೊಸದಾಗಿ ಕೈಹಾಕುವವರು ಹಳೇ ವೈರನ್ನು ತಂದು ನೇರ ವ್ಯಾನ್ ಪೋರ್ಟಿಗೆ ಚುಚ್ಚುತ್ತಾರೆ. ಇಂಟರ್ನೆಟ್ ಬರುತ್ತದೆ, ಕಾಫಿಯೂ ಬರುತ್ತದೆ. ಸಂಜೆಗೆ ಫೋನು: "ಸಾರ್, ಲ್ಯಾಪ್‌ಟಾಪಲ್ಲಿ ಸರ್ವರ್ರೇ ಕಾಣ್ತಿಲ್ಲ." ಕಾಣುವುದಾದರೂ ಹೇಗೆ? ವ್ಯಾನ್ ಪೋರ್ಟಿನ ಆಚೆಗೊಂದು ನೆಟ್‌ವರ್ಕು, ಈಚೆಗೊಂದು ನೆಟ್‌ವರ್ಕು. ಹೆಸರು ಹಿಡಿದು ಹುಡುಕುವ ಕೂಗು ಆ ಗೋಡೆ ದಾಟುವುದಿಲ್ಲ.

ಹಾಗಾದರೆ ಲ್ಯಾನ್ ಪೋರ್ಟಿಗೇ ಹಾಕೋಣವೆಂದರೆ ಇನ್ನೊಂದು ಪಜೀತಿ. ಐಪಿ ಹಂಚುವ ಡಿಎಚ್‌ಸಿಪಿ ಹಳೇ ರೌಟರಿನಲ್ಲೂ ಇದೆ, ಹೊಸದರಲ್ಲೂ ಇದೆ. ಒಂದೇ ಬಸ್ಸಿನಲ್ಲಿ ಇಬ್ಬರು ಕಂಡಕ್ಟರು ಟಿಕೆಟ್ ಹರಿದಂತೆ. ಯಾರು ಮೊದಲು ಕೊಟ್ಟರೋ ಕಂಪ್ಯೂಟರ್ ಸಾಮಾನ್ಯವಾಗಿ ಅವರದ್ದನ್ನೇ ತೆಗೆದುಕೊಳ್ಳುತ್ತದೆ. ಅರ್ಧ ಆಫೀಸಿಗೆ ನೆಟ್ ಬರುತ್ತದೆ, ಇನ್ನರ್ಧಕ್ಕಿಲ್ಲ. ಮರುದಿನ ಆ ಅರ್ಧವೂ ಬದಲು.

ಆದ್ದರಿಂದ ಮೊದಲು ಹಳೇ ಕಂಪ್ಯೂಟರೊಂದರ ಕಪ್ಪು ಕಿಟಕಿಯಲ್ಲಿ 'ಐಪಿಕಾನ್ಫಿಗ್' ಕೊಟ್ಟು ಗೇಟ್‌ವೇ ಬರೆದುಕೊಳ್ಳಿ. 192.168.1.1 ಇದೆ ಎನ್ನಿ. ಹೊಸ ರೌಟರಿಗೆ ಬರೀ ನಿಮ್ಮ ಲ್ಯಾಪ್‌ಟಾಪ್ ಜೋಡಿಸಿ, ರೌಟರಿನ ವಿಳಾಸವನ್ನು 192.168.1.250 ಮಾಡಿ, ಅದರ ಡಿಎಚ್‌ಸಿಪಿ ಆಫ್ ಮಾಡಿ. ಆಮೇಲಷ್ಟೇ ಲ್ಯಾನ್‌ನಿಂದ ಲ್ಯಾನಿಗೆ ವೈರು. ಆ 250 ಹಳೇ ರೌಟರ್ ಹಂಚುವ ಸಾಲಿನಲ್ಲಿರಬಾರದು, ಯಾರೋ ಪ್ರಿಂಟರಿಗೆ ಕೈಯಾರೆ ಕೊಟ್ಟದ್ದೂ ಆಗಿರಬಾರದು. ವೈರು ಹಾಕುವ ಮೊದಲೇ ಹಳೇ ಕಂಪ್ಯೂಟರಿನಿಂದ ಆ ವಿಳಾಸಕ್ಕೆ ಪಿಂಗ್ ಮಾಡಿ ನೋಡಿ. ಉತ್ತರ ಬರದಿದ್ದ ಮಾತ್ರಕ್ಕೆ ಅದು ಖಾಲಿಯೆಂದು ನಂಬಿಬಿಡಬೇಡಿ, ವಿಂಡೋಸಿನ ಫೈರ್‌ವಾಲ್ ಉತ್ತರವನ್ನೇ ತಡೆದಿರಬಹುದು. ಪಿಂಗ್ ಮಾಡಿದ ಬೆನ್ನಿಗೇ 'ಎಆರ್‌ಪಿ' ಪಟ್ಟಿ ನೋಡಿದರೆ ಬಾಯಿಬಿಡದ ಯಂತ್ರವೂ ಸಿಕ್ಕಿಬೀಳುತ್ತದೆ.

ಇಷ್ಟಾದ ಮೇಲೂ ಪೋರ್ಟಿನ ದೀಪ ಹತ್ತದಿದ್ದರೆ ಗೋಡೆಯ ಬಾಕ್ಸ್ ಬಿಚ್ಚಿ. ಹಳಬರ ಕೈಚಳಕ ಕಾಣುವುದು ಅಲ್ಲಿ. ಒಂದು ಕೇಬಲಿನಲ್ಲಿ ನಾಲ್ಕು ಜೋಡಿ ತಂತಿ. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು. ಕಿತ್ತಳೆ, ಹಸಿರು ಒಬ್ಬರ ಮೇಜಿಗೆ. ನೀಲಿ, ಕಂದು ಪಕ್ಕದವರಿಗೆ! ಒಂದು ಕೇಬಲಿನ ದುಡ್ಡು ಉಳಿಯಿತು. ಆದರೆ ಗಿಗಾಬಿಟ್‌ಗೆ ನಾಲ್ಕೂ ಬೇಕು. ಎರಡು ತುದಿಯ ಪೋರ್ಟುಗಳೂ ಮೊದಲ ಎರಡು ಜೋಡಿಯಲ್ಲೇ ಮಾತಾಡಿಕೊಂಡು ಗಿಗಾಬಿಟ್ ಎಂದು ಒಪ್ಪಿಬಿಡುತ್ತವೆ, ಕೆಲವು ಆಮೇಲೆ ಅಲ್ಲೇ ಮುಗ್ಗರಿಸುತ್ತವೆ.

ಹೊಸ ಕೇಬಲ್ ಎಳೆಯುವುದೇ ಸರಿಯಾದ ದಾರಿ. ಆದರೆ ಆಡಿಟ್ ವರದಿಯ ಗಡುವಿನ ಹೊತ್ತಿನಲ್ಲಿ ಗೋಡೆ ಮುಟ್ಟಲು ಯಾವ ಆಡಿಟರೂ ಬಿಡುವುದಿಲ್ಲ. ಅಲ್ಲಿಯತನಕ ಅಟ್ಟದ ಆ 100 ಎಂಬಿಪಿಎಸ್ ಸ್ವಿಚ್ಚನ್ನೇ ಒರೆಸಿ ನಡುವೆ ಇಡಿ. ಗಿಗಾಬಿಟ್ಟಿನ ಮಾತೇ ಅದಕ್ಕೆ ಗೊತ್ತಿಲ್ಲ, ಟ್ಯಾಲಿಗೆ ಅಷ್ಟು ವೇಗ ಧಾರಾಳವಾಯಿತು.