ಜಗಲಿಯ ಕಣ್ಣುಗಳು

ನಮ್ಮ ಬೀದಿಯನ್ನು ಅಗಲ ಮಾಡಿದಾಗ ಮೊದಲು ಹೋದದ್ದು ಜಗಲಿಗಳು. ಸಂಜೆ ಹೂ ಕಟ್ಟುತ್ತಾ, ಅಕ್ಕಿ ಆರಿಸುತ್ತಾ ಕೂರುತ್ತಿದ್ದ ಹೆಂಗಸರೆಲ್ಲ ಒಳಗೆ ಸರಿದರು. ಈಗ ವಾಹನಗಳೇನೋ ಸರಾಗವಾಗಿ ಓಡುತ್ತವೆ. ಟ್ಯೂಷನ್ನಿಗೆ ಹೋದ ಮಗಳು ಬರುವವರೆಗೆ ನಾನು ಗೇಟಿನ ಬಳಿ ನಿಂತಿರುತ್ತೇನೆ.

ಆ ದಿನಗಳಲ್ಲೇ ಜೇನ್ ಜೇಕಬ್ಸ್ ಅವರ 'ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್' ಓದಿದೆ. 1961ರ ಪುಸ್ತಕ. ಹಳೆಯ ಕೇರಿಗಳನ್ನು ಕೆಡವಿ ಹೆದ್ದಾರಿ ಹಾಯಿಸುವುದೇ ನಗರದ ಉದ್ಧಾರವೆಂದು ಅಮೆರಿಕದ ದೊಡ್ಡವರು ನಂಬಿದ್ದ ಕಾಲವದು. ಜೇಕಬ್ಸ್ ನಗರಯೋಜನೆಯ ಪದವೀಧರೆಯಲ್ಲ. ನ್ಯೂಯಾರ್ಕಿನ ಹಡ್ಸನ್ ಬೀದಿಯಲ್ಲಿ ಮಕ್ಕಳನ್ನು ಬೆಳೆಸುತ್ತಿದ್ದ ಪತ್ರಕರ್ತೆ. ಬೀದಿಯನ್ನು ಕಾಯುವುದು ಪೊಲೀಸರಷ್ಟೇ ಅಲ್ಲ, ಅಂಗಡಿಯವರ, ನಡೆದಾಡುವವರ, ಕಿಟಕಿಯಲ್ಲಿ ನಿಂತವರ ಕಣ್ಣುಗಳು ಎನ್ನುತ್ತಾರೆ. ಅದಕ್ಕೆ ಮನೆ, ಅಂಗಡಿ, ಕೆಲಸದ ಜಾಗಗಳು ಬೆರೆತಿರಬೇಕು. ಹಳೆಯ ಕಟ್ಟಡಗಳೂ ಉಳಿದಿರಬೇಕು. ಹೊಸ ಕಟ್ಟಡದ ಬಾಡಿಗೆಯನ್ನು ಸಣ್ಣ ವ್ಯಾಪಾರಿ ಎಲ್ಲಿಂದ ತಂದಾನು? ರಸ್ತೆ ಅಗಲವಾದರೆ ಕಾರು ಹೆಚ್ಚುತ್ತವೆ, ಆಗ ಮತ್ತೆ ಅಗಲ ಮಾಡಬೇಕಾಗುತ್ತದೆ ಎಂಬ ಮಾತು ನಮ್ಮೂರಿಗೇ ಬರೆದಂತಿದೆ. ಆಕೆ ಬರೆದು ಸುಮ್ಮನಾಗಲಿಲ್ಲ. ಕೆಳ ಮ್ಯಾನ್‌ಹಟನ್ ಅನ್ನು ಸೀಳಲಿದ್ದ ಎಕ್ಸ್‌ಪ್ರೆಸ್‌ವೇ ವಿರುದ್ಧ ನೆರೆಹೊರೆಯವರೊಡನೆ ಬೀದಿಗಿಳಿದರು. 1969ರಲ್ಲಿ ಆ ಯೋಜನೆ ಕೈಬಿಟ್ಟುಹೋಯಿತು.

ಇಷ್ಟೆಲ್ಲ ಮೆಚ್ಚಿದರೂ ನನಗೊಂದು ತಕರಾರಿದೆ. ಕಾಯುವ ಕಣ್ಣು ಕೆಣಕುವ ಕಣ್ಣೂ ಆಗುತ್ತದಲ್ಲ? ಪಿಯುಸಿ ಓದುವಾಗ ಒಮ್ಮೆ ಲೈಬ್ರರಿಯಿಂದ ಬರುವುದು ಏಳು ಗಂಟೆಯಾಯಿತು. ನನಗಿಂತ ಮೊದಲು ಸುದ್ದಿ ಮನೆ ಸೇರಿತ್ತು. ಮರುದಿನದಿಂದ ಲೈಬ್ರರಿ ಬಂದ್. ಅಪ್ಪನಿಗೆ ಹೇಳಿದ್ದು ಜಗಲಿಯ ಕಣ್ಣುಗಳೇ.

ಜೇಕಬ್ಸ್‌ಗೆ ಇದು ತಿಳಿಯದೆಂದಲ್ಲ. ತಮ್ಮ ಬೀದಿಯಲ್ಲಿ ಜನ ಅಂಗಡಿಯವನ ಬಳಿ ಮನೆಯ ಬೀಗದಕೈ ಬಿಟ್ಟುಹೋಗುತ್ತಿದ್ದರಂತೆ. ಆತ ಯಾರ ಸಂಸಾರದಲ್ಲೂ ಮೂಗು ತೂರಿಸುತ್ತಿರಲಿಲ್ಲ. ಒಳ್ಳೆಯ ಬೀದಿಗೆ ಆ ಗೆರೆ ಗೊತ್ತಿರುತ್ತದೆ ಎಂಬುದು ಆಕೆಯ ನಂಬಿಕೆ. ನಮ್ಮ ಬೀದಿಗೆ ಅದು ಗೊತ್ತಿರಲಿಲ್ಲ, ಹೆಣ್ಣುಮಕ್ಕಳ ವಿಷಯದಲ್ಲಂತೂ ಇಲ್ಲವೇ ಇಲ್ಲ. ಪುಸ್ತಕ ಇಲ್ಲಿ ನಮ್ಮ ಕೈ ಬಿಡುತ್ತದೆ.

ಆದರೂ ಜಗಲಿ ಬೇಡವೆನ್ನಲಾರೆ. ಕಣ್ಣಿಲ್ಲದ ಬೀದಿ ಹೇಗಿರುತ್ತದೆಂದು ದಿನವೂ ನೋಡುತ್ತಿದ್ದೇನೆ. ಗೆರೆಯನ್ನು ಯಾವ ಎಂಜಿನಿಯರೂ ಎಳೆದುಕೊಡಲಾರ, ಕೂರುವ ನಾವೇ ಕಲಿಯಬೇಕು.

ನಿನ್ನೆ ಮಗಳು ಅರ್ಧ ಗಂಟೆ ತಡವಾಗಿ ಬಂದಳು. ಗೆಳತಿಯೊಡನೆ ನಗುತ್ತಾ ಬರುತ್ತಿದ್ದುದನ್ನು ತಿರುವಿನಿಂದಲೇ ನೋಡಿದೆ. ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು, "ಬಾ, ದೋಸೆ ಹಾಕ್ತೀನಿ" ಎಂದೆ.